ಪೈಥಾನ್‌ನಲ್ಲೇ ಬಗ್ ಸಿಕ್ಕರೆ: ಹುಡುಕುವುದು, ತಿಳಿಸುವುದು, ಸರಿಪಡಿಸುವುದು

ಹೋದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆಗೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ಒಂದು ದೊಡ್ಡ ಕನ್ನಡ ಫೈಲ್‌ನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ತಾಲೂಕುಗಳ ಹೆಸರು ಎಷ್ಟೆಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಂ ಅನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದ. ಎಣಿಕೆ ಎಲ್ಲ ತಪ್ಪು ಬರುತ್ತಿತ್ತು.

“ಸರ್, ಎರಡು ದಿನ ಆಯ್ತ್ರಿ. ನನ್ನ ಕೋಡ್ ಸರಿ ಅದ. ಇದು ಪೈಥಾನ್‌ದೇ ತಪ್ಪು ಅದರಿ” ಅಂದ.

ಪರದೆ ನೋಡಿದೆ. “ಕಲಬುರಗಿ” ಎಂಬ ಪದ “ಕಲಬ” ಮತ್ತು “ರಗ” ಎಂದು ಎರಡು ತುಂಡಾಗಿತ್ತು. “ಬೀದರ್” ಹೋಗಿ “ಬ”, “ದರ” ಆಗಿತ್ತು. “ಯಾದಗಿರಿ” ಮೂರು ತುಂಡು: “ಯ”, “ದಗ”, “ರ”. ಪಟ್ಟಿಯಲ್ಲಿದ್ದ ಅಷ್ಟೂ ತಾಲೂಕುಗಳಲ್ಲಿ ಇಡಿಯಾಗಿ ಉಳಿದಿದ್ದು ಬೀದರ್ ಜಿಲ್ಲೆಯ ಕಮಲನಗರ ಒಂದೇ.

ಭಾಷೆಯಲ್ಲೇ ತಪ್ಪಿದೆ ಎಂದು ಅನಿಸಿದಾಗ ಏನು ಮಾಡಬೇಕು ಎಂಬುದನ್ನು ಆ ದಿನ ಅವನ ಜೊತೆ ಕೂತು ಒಂದೊಂದೇ ಹೆಜ್ಜೆಯಾಗಿ ಮಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಳುವುದು ಸಿಪೈಥಾನ್ ಬಗ್ಗೆ. ನಾವೆಲ್ಲ ಇನ್‌ಸ್ಟಾಲ್ ಮಾಡಿಕೊಳ್ಳುವ ಪೈಥಾನ್ ಅದೇ, ಅದರ ಒಳಗಿನ ಭಾಗ ಸಿ ಭಾಷೆಯಲ್ಲಿದೆ. 1991ರಲ್ಲಿ ಗೀಡೋ ವಾನ್ ರಾಸಮ್ ಮೊದಲ ಸಲ ಹೊರಗೆ ಬಿಟ್ಟಾಗಿನಿಂದ ಅದರ ಮೂಲ ಕೋಡ್ ಎಲ್ಲರಿಗೂ ತೆರೆದೇ ಇದೆ. ರೂಬಿ, ರಸ್ಟ್ ಮುಂತಾದ ಬೇರೆ ಭಾಷೆಗಳಲ್ಲೂ ದಾರಿ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಮೊದಲು ನಮ್ಮ ಮನೆ ಹುಡುಕೋಣ

ಪೈಥಾನ್‌ನದೇ ತಪ್ಪು ಎಂದು ಅನಿಸಿದ ಹತ್ತು ಸಲದಲ್ಲಿ ಒಂಬತ್ತು ಸಲ ತಪ್ಪು ನಮ್ಮದೇ ಇರುತ್ತದೆ. ಇದು ನನ್ನ ಅನುಭವ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಆದರೆ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ.

ಮೊಟ್ಟಮೊದಲು ನಿಮ್ಮ ಫೋಲ್ಡರ್‌ನಲ್ಲಿರುವ ಫೈಲ್‌ಗಳ ಹೆಸರು ನೋಡಿ. ರ‍್ಯಾಂಡಮ್, ಸ್ಟ್ರಿಂಗ್, ಕ್ಯಾಲೆಂಡರ್ ಎಂಬ ಹೆಸರಿನ ಪೈಥಾನ್ ಫೈಲ್ ನೀವೇ ಮಾಡಿಟ್ಟುಕೊಂಡಿದ್ದರೆ, ಪೈಥಾನ್ ತನ್ನ ಮಾಡ್ಯೂಲ್ ಬಿಟ್ಟು ನಿಮ್ಮದನ್ನೇ ಎತ್ತಿಕೊಳ್ಳುತ್ತದೆ. ನಮ್ಮ ಕಡೆ ಲ್ಯಾಬ್‌ಗಳಲ್ಲಿ ನಾನು ಅತಿ ಜಾಸ್ತಿ ಕಂಡ ತಪ್ಪು ಇದು. ಎಷ್ಟು ಸಾಮಾನ್ಯ ಅಂದರೆ, 3.13ರಿಂದ ಪೈಥಾನ್ ತಾನೇ ದೋಷ ಸಂದೇಶದಲ್ಲಿ “ನಿಮ್ಮ ಫೈಲ್‌ನ ಹೆಸರು ಬದಲಿಸಿ ನೋಡಿ” ಎಂಬ ಸುಳಿವು ಕೊಡುತ್ತದೆ.

ಆಮೇಲೆ ಹೊರಗಿನ ಲೈಬ್ರರಿಗಳನ್ನು ತೆಗೆದುಹಾಕಿ. ಹೊಸ ವರ್ಚುವಲ್ ಎನ್ವಿರಾನ್ಮೆಂಟ್ (ಪೈಥಾನ್‌ಗೆ ಪ್ರತ್ಯೇಕವಾದ ಖಾಲಿ ಜಾಗ) ಮಾಡಿ, ಅದರಲ್ಲಿ ಏನನ್ನೂ ಹಾಕದೆ ಓಡಿಸಿ. ಪಾಂಡಾಸ್ ಅಥವಾ ನಮ್‌ಪೈ ಇದ್ದಾಗ ಮಾತ್ರ ತಪ್ಪು ಬರುತ್ತದೆ ಅಂದರೆ, ದೂರು ಹೋಗಬೇಕಾದ್ದು ಅವರಿಗೆ.

ಮೂರನೆಯದು, ಹೊಸ ಆವೃತ್ತಿಯಲ್ಲಿ ನೋಡುವುದು. ಕಾಲೇಜು ಲ್ಯಾಬ್‌ನಲ್ಲಿ ಎಷ್ಟೋ ವರ್ಷದ ಹಿಂದಿನ ಪೈಥಾನ್ ಇರಬಹುದು. ನಿಮಗೆ ಸಿಕ್ಕ ಬಗ್ ಯಾವಾಗಲೋ ಸರಿಯಾಗಿರುತ್ತದೆ. ಕೆಲವೊಮ್ಮೆ ಆವೃತ್ತಿ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ, ಅದು ಬಗ್ ಅಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಪಟ್ಟಿಗೆ ಯೂನಿಕೋಡ್ ಎನ್ನುತ್ತಾರೆ. ಅದರ 15.0 ಆವೃತ್ತಿಯಲ್ಲಿ ಕನ್ನಡ ಲಿಪಿಯ ಭಾಗಕ್ಕೆ ಒಂದು ಹೊಸ ಅನುಸ್ವಾರ ಚಿಹ್ನೆ ಸೇರಿತು. ಪೈಥಾನ್ 3.12ಕ್ಕೆ ಅದರ ಹೆಸರು ಗೊತ್ತು, 3.11ಕ್ಕೆ ಗೊತ್ತಿಲ್ಲ. ಹಳೆಯದರಲ್ಲಿ ಇರುವುದು ಯೂನಿಕೋಡ್ 14ರ ಪಟ್ಟಿ, ಅಷ್ಟೇ.

ನಮ್ಮ ಹುಡುಗನ ಕೋಡ್ ಈ ಮೂರೂ ಪರೀಕ್ಷೆ ದಾಟಿತು.

ಹಸನು ಮಾಡುವುದು

ಅವನ ಪ್ರೋಗ್ರಾಂ ಇನ್ನೂರು ಸಾಲು ಮೇಲಿತ್ತು. ಫೈಲ್ ಓದುವುದು, ಎಣಿಸುವುದು, ಎಕ್ಸೆಲ್‌ಗೆ ಬರೆಯುವುದು, ಬಣ್ಣ ಹಚ್ಚುವುದು. ಇಷ್ಟನ್ನು ಯಾರಿಗೆ ಕಳಿಸಿದರೂ ಓದುವುದಿಲ್ಲ, ಓದಬೇಕೆಂದು ನಾವು ಬಯಸುವುದೂ ಸರಿಯಲ್ಲ.

ಮನೆಯಲ್ಲಿ ತೊಗರಿಬೇಳೆ ಹಸನು ಮಾಡುವಾಗ ಮೊರದಲ್ಲಿ ಹಾಕಿ ಕೇರುತ್ತೇವೆ. ಹೊಟ್ಟು ಹಾರುತ್ತದೆ, ಕಲ್ಲು ಉಳಿಯುತ್ತದೆ. ಕೋಡ್‌ನಲ್ಲಿ ಕಲ್ಲು ಕಾಣುವವರೆಗೆ ಕೇರಬೇಕು. ವಿಧಾನ ಹೀಗೆ. ಫೈಲ್‌ನ ಒಂದು ನಕಲು ಇಟ್ಟುಕೊಳ್ಳಿ. ಅರ್ಧ ಕೋಡ್ ಅಳಿಸಿ. ತಪ್ಪು ಇನ್ನೂ ಬರುತ್ತದಾ? ಬಂದರೆ ಉಳಿದದ್ದರಲ್ಲಿ ಮತ್ತೆ ಅರ್ಧ ಅಳಿಸಿ. ಬರದಿದ್ದರೆ ವಾಪಸ್ ಹಾಕಿ, ಇನ್ನೊಂದು ಅರ್ಧ ಅಳಿಸಿ. ಫೈಲ್‌ನಿಂದ ಓದುವುದನ್ನು ತೆಗೆದು, ಪದವನ್ನು ನೇರವಾಗಿ ಕೋಡ್‌ನಲ್ಲೇ ಬರೆಯಿರಿ. ನೆಟ್‌ವರ್ಕ್, ಡೇಟಾಬೇಸ್, ಇವತ್ತಿನ ದಿನಾಂಕ ಇವೆಲ್ಲ ಬೇಡ.

ಅರ್ಧ ಗಂಟೆಯಲ್ಲಿ ಇನ್ನೂರು ಸಾಲು ಎರಡಾಯಿತು. ಮೊದಲ ಸಾಲಿನಲ್ಲಿ, ಪಠ್ಯದಲ್ಲಿ ಪ್ಯಾಟರ್ನ್ ಹುಡುಕುವ ಆರ್‌ಇ (re) ಮಾಡ್ಯೂಲ್ ಇಂಪೋರ್ಟ್. ಎರಡನೆಯದರಲ್ಲಿ “ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್” (\w+, ಅಂದರೆ ಪದದ ಅಕ್ಷರಗಳ ಸಾಲು) ಎಂಬ ಪ್ಯಾಟರ್ನ್ ಕೊಟ್ಟು “ಕಲಬುರಗಿ”ಯಲ್ಲಿ ಫೈಂಡ್‌ಆಲ್. ಬಂದದ್ದು ಎರಡು ತುಂಡು. ಇನ್ನು ಅಳಿಸಲು ಏನೂ ಇಲ್ಲ. ಕಲ್ಲು ಕೈಗೆ ಸಿಕ್ಕಿತು.

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಇಡೀ ಕೆಲಸದಲ್ಲಿ ಇದೇ ದೊಡ್ಡದು ಎಂದು ನಾನು ನಂಬಿದ್ದೇನೆ. ಎರಡು ಸಾಲಿನ ಉದಾಹರಣೆ ಕೈಗೆ ಬಂದರೆ, ಜಗತ್ತಿನ ಯಾವ ಮೂಲೆಯಲ್ಲಿರುವ ಡೆವಲಪರ್ ಆದರೂ ಒಂದು ನಿಮಿಷದಲ್ಲಿ ಅದನ್ನು ಓಡಿಸಿ ನೋಡಬಹುದು. ಅವರಿಗೆ ಕನ್ನಡ ಬರಬೇಕಿಲ್ಲ. ಹೀಗೆ ಕೇರುವಾಗಲೇ ಅನೇಕ ಸಲ ತಪ್ಪು ನಮ್ಮದೇ ಎಂದು ಗೊತ್ತಾಗಿ ಕೆಲಸ ಅಲ್ಲಿಗೇ ಮುಗಿಯುವುದೂ ಉಂಟು.

ಒಂದು ಎಚ್ಚರಿಕೆ. ಹುಡುಗ ಮೊದಲು ಪರೀಕ್ಷೆಗೆ ಇಟ್ಟುಕೊಂಡಿದ್ದ ಪದ ಕಮಲನಗರ. ಅದು ಸರಿಯಾಗಿ ಬಂತು, ಅದಕ್ಕೇ ಎರಡು ದಿನ ಹಾಳಾಯಿತು. ಕ, ಮ, ಲ, ನ, ಗ, ರ: ಆರೂ ಬರೀ ಅಕ್ಷರ. ಒಂದು ಗುಣಿತ ಚಿಹ್ನೆ ಇಲ್ಲ, ಒತ್ತಕ್ಷರ ಇಲ್ಲ, ಸೊನ್ನೆ ಇಲ್ಲ. ಕನ್ನಡದಲ್ಲಿ ಪರೀಕ್ಷೆ ಮಾಡುವಾಗ ಒತ್ತು, ದೀರ್ಘ, ಅನುಸ್ವಾರ, ಕೊನೆಯಲ್ಲಿ ಅರ್ಧಾಕ್ಷರ ಎಲ್ಲ ಇರುವ ಪದ ಆರಿಸಿಕೊಳ್ಳಿ. ಚಿಂಚೋಳಿ, ಸೇಡಂ, ಭಾಲ್ಕಿ, ಹುಮನಾಬಾದ್. ನಮ್ಮ ಊರುಗಳ ಹೆಸರೇ ಸಾಕು.

ಬಗ್ಗೋ, ನಿಯಮವೋ?

ಈಗ ಡಾಕ್ಯುಮೆಂಟೇಶನ್ ತೆರೆಯಬೇಕು. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಗ್ಗೆ ಪೈಥಾನ್ ಏನು ಹೇಳುತ್ತದೆ? ಇಸ್‌ಆಲ್ನಮ್ ಎಂಬ ಫಂಕ್ಷನ್ ಯಾವುದನ್ನು ಅಕ್ಷರ ಅಥವಾ ಅಂಕಿ ಎನ್ನುತ್ತದೋ ಅದು, ಜೊತೆಗೆ ಅಂಡರ್‌ಸ್ಕೋರ್. ಯೂನಿಕೋಡ್ ಪಟ್ಟಿಯಲ್ಲಿ “ಕ” ಒಂದು ಅಕ್ಷರ. ಆದರೆ ಉಕಾರದ ಕೊಂಬು, ಗುಡಿಸು, ಅನುಸ್ವಾರ, ಅರ್ಧಾಕ್ಷರ ಮಾಡುವ ಚಿಹ್ನೆ (್) ಇವೆಲ್ಲ “ಅಕ್ಷರ” ವರ್ಗದಲ್ಲಿಲ್ಲ, “ಚಿಹ್ನೆ” ವರ್ಗದಲ್ಲಿವೆ. ಇಸ್‌ಆಲ್ನಮ್ ಅವನ್ನು ಅಕ್ಷರ ಎಂದು ಒಪ್ಪುವುದಿಲ್ಲ. ಆದ್ದರಿಂದ “ಕಲಬುರಗಿ” ಕೊಂಬಿನ ಹತ್ತಿರ ಮುರಿಯುತ್ತದೆ.

ಮೂಲ ಕೋಡ್‌ನಲ್ಲೂ ಇದನ್ನು ನೋಡಿದೆವು. ಆರ್‌ಇ ಮಾಡ್ಯೂಲ್‌ನ ಪೈಥಾನ್ ಭಾಗ ಲಿಬ್ ಫೋಲ್ಡರ್‌ನಲ್ಲಿದೆ, ನಿಜವಾಗಿ ಹುಡುಕುವ ಸಿ ಎಂಜಿನ್ ಮಾಡ್ಯೂಲ್ಸ್ ಫೋಲ್ಡರ್‌ನ ಎಸ್‌ಆರ್‌ಇ ಎಂಬ ಜಾಗದಲ್ಲಿದೆ. ಅಲ್ಲಿ ಯೂನಿಕೋಡ್ ಪದದ ಅಕ್ಷರ ಅಂದರೆ ಏನು ಎಂದು ಹೇಳುವುದು ಒಂದೇ ಒಂದು ಸಾಲು: ಆಲ್ನಮ್ ಇರಬೇಕು, ಇಲ್ಲವೇ ಅಂಡರ್‌ಸ್ಕೋರ್ ಇರಬೇಕು. ಹುಡುಗ ಆ ಸಾಲನ್ನೇ ತುಂಬ ಹೊತ್ತು ನೋಡಿದ. “ಇಷ್ಟೇ ಏನ್ರಿ ಸರ್?” ಅಂದ. ಇಷ್ಟೇ. ಭಾಷೆಯ ಹೊಟ್ಟೆಯೊಳಗೆ ಹೋಗಿ ನೋಡಿದರೆ ಅಲ್ಲಿಯೂ ಯಾರೋ ಬರೆದ ಸಾಮಾನ್ಯ ಕೋಡ್ ಇರುತ್ತದೆ. ನನಗೆ ಓಪನ್ ಸೋರ್ಸ್ ಇಷ್ಟವಾಗುವುದು ಈ ಕಾರಣಕ್ಕೇ.

ಹಾಗಾದರೆ ಇದು ಬಗ್ ಅಲ್ವಾ? ಪೈಥಾನ್ ತಾನು ಬರೆದುಕೊಂಡ ನಿಯಮದ ಪ್ರಕಾರವೇ ನಡೆದಿದೆ. ಆದರೆ ಆ ನಿಯಮ ಕನ್ನಡಕ್ಕೆ ಒಗ್ಗುವುದಿಲ್ಲ. ಇದೇ ಪೈಥಾನ್‌ನಲ್ಲಿ “ಬೀದರ್” ಎಂದು ವೇರಿಯಬಲ್‌ಗೆ ಹೆಸರಿಟ್ಟರೆ ನಡೆಯುತ್ತದೆ, ಏಕೆಂದರೆ ಹೆಸರುಗಳ ನಿಯಮದಲ್ಲಿ ಈ ಚಿಹ್ನೆಗಳಿಗೆ ಜಾಗ ಇದೆ. ಇಸ್‌ಐಡೆಂಟಿಫೈಯರ್ ಕೇಳಿದರೆ ಹೌದು ಎನ್ನುತ್ತದೆ, ಇಸ್‌ಆಲ್ಫಾ ಕೇಳಿದರೆ ಅಲ್ಲ ಎನ್ನುತ್ತದೆ. ಕನ್ನಡದ ಅಂಕಿಗಳ ವಿಷಯದಲ್ಲಿ ಪೈಥಾನ್ ಚೆನ್ನಾಗಿದೆ. “೧೨” ಎಂಬ ಸ್ಟ್ರಿಂಗ್ ಅನ್ನು ಇಂಟ್‌ಗೆ ಕೊಟ್ಟರೆ 12 ಎಂದೇ ಬರುತ್ತದೆ.

ಇಂಥ ಸಂದರ್ಭದಲ್ಲಿ ನಿಮ್ಮ ದೂರು ಮೂರರಲ್ಲಿ ಒಂದಾಗುತ್ತದೆ. ಬರೆದದ್ದಕ್ಕೆ ವಿರುದ್ಧ ನಡೆದರೆ ಬಗ್. ಬರೆದದ್ದೇ ಅಸ್ಪಷ್ಟವಾಗಿದ್ದರೆ ಡಾಕ್ಯುಮೆಂಟೇಶನ್ ತಿದ್ದುಪಡಿ. ನಿಯಮವೇ ಬದಲಾಗಬೇಕು ಎಂದರೆ ಹೊಸ ಸೌಲಭ್ಯದ ಕೋರಿಕೆ. ಪೈಥಾನ್‌ನೊಳಗಿನಿಂದಲೇ ಸೆಗ್‌ಮೆಂಟೇಶನ್ ಫಾಲ್ಟ್ ಬಂದು ಪ್ರೋಗ್ರಾಂ ಸತ್ತರೆ ಮಾತ್ರ ಚರ್ಚೆ ಬೇಡ, ಬಹುಪಾಲು ಅದು ಬಗ್ಗೇ. ಆಗ ಫಾಲ್ಟ್‌ಹ್ಯಾಂಡ್ಲರ್ ಹಚ್ಚಿ ಮತ್ತೆ ಓಡಿಸಿ, ಯಾವ ಸಾಲಿನಲ್ಲಿ ಸತ್ತಿತು ಎಂದು ಅದು ತೋರಿಸುತ್ತದೆ.

ಯಾರಾದರೂ ಮೊದಲೇ ಹೇಳಿದ್ದಾರಾ?

ಪೈಥಾನ್‌ನ ಬಗ್ ಪಟ್ಟಿ ಈಗ ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಎಂಬ ತಾಣದಲ್ಲಿದೆ. ಕೋಡ್ 2017ರಲ್ಲಿ ಅಲ್ಲಿಗೆ ಬಂತು, ಬಗ್‌ಗಳ ಪಟ್ಟಿ 2022ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೂ ಹಿಂದಿನವು ಬೇರೆ ಟ್ರ್ಯಾಕರ್‌ನಲ್ಲಿದ್ದವು. ಅವನ್ನೂ ಇಲ್ಲಿಗೆ ತಂದಿದ್ದಾರೆ, ಆದ್ದರಿಂದ ಒಂದೇ ಕಡೆ ಹುಡುಕಿದರೆ ಸಾಕು. ಹುಡುಕುವಾಗ ತೆರೆದಿರುವ ಇಶ್ಯೂ (ದೂರಿಗೆ ಅಲ್ಲಿ ಇರುವ ಹೆಸರು) ಮಾತ್ರ ನೋಡಬೇಡಿ, ಮುಚ್ಚಿದವನ್ನೂ ನೋಡಿ. “ಇದನ್ನು ಯಾಕೆ ಬದಲಿಸುವುದಿಲ್ಲ” ಎಂಬ ಉತ್ತರ ಬಹಳ ಸಲ ಮುಚ್ಚಿದ ಇಶ್ಯೂನಲ್ಲೇ ಇರುತ್ತದೆ. ಫಂಕ್ಷನ್ ಹೆಸರು, ದೋಷ ಸಂದೇಶದ ಪದಗಳು, ಯೂನಿಕೋಡ್, ಇಂಡಿಕ್, ದೇವನಾಗರಿ ಹೀಗೆ ನಾಲ್ಕಾರು ರೀತಿ ಹುಡುಕಿ. ಕನ್ನಡ ಎಂದು ಮಾತ್ರ ಹುಡುಕಿದರೆ ಸಿಗುವುದು ಕಡಿಮೆ. ನಮ್ಮ ತೊಂದರೆಯನ್ನು ಬೇರೆ ಲಿಪಿಯವರು ಮೊದಲೇ ಅನುಭವಿಸಿರುತ್ತಾರೆ.

ನಮ್ಮದೂ ಹಾಗೇ ಆಯಿತು. ದೇವನಾಗರಿ ಪಠ್ಯದಲ್ಲಿ ಪದಗಳು ತುಂಡಾಗುತ್ತವೆ ಎಂದು 2007ರಲ್ಲೇ ಒಬ್ಬರು ಬರೆದಿದ್ದರು. ನಮ್ಮ ಹುಡುಗ ಆಗ ಇನ್ನೂ ಶಾಲೆಗೇ ಸೇರಿರಲಿಲ್ಲ. ಇಷ್ಟು ವರ್ಷದ ಹಳೆಯ ಮಾತು ಇನ್ನೂ ಬಗೆಹರಿದಿಲ್ಲ ಎಂದರೆ ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಆದರೆ ಕಾರಣ ಯೋಚಿಸಿ. ಆ ಒಂದು ಸಾಲು ಬದಲಿಸಿದರೆ ಅದರ ಮೇಲೆ ನಿಂತ ಲೆಕ್ಕವಿಲ್ಲದಷ್ಟು ಪ್ರೋಗ್ರಾಂಗಳ ಉತ್ತರ ಬದಲಾಗುತ್ತದೆ. ಯಾರದೋ ಪಾಸ್‌ವರ್ಡ್ ಪರೀಕ್ಷೆ, ಯಾರದೋ ಹುಡುಕಾಟ, ಯಾರದೋ ಬಿಲ್ಲಿಂಗ್. ಭಾಷೆ ಕಟ್ಟುವವರು ಅದಕ್ಕೆ ಹೆದರುವುದು ನ್ಯಾಯ. ನಾವು ನಮ್ಮ ತೊಂದರೆ ಹೇಳುತ್ತಲೇ ಇರುವುದೂ ನ್ಯಾಯ.

ಹಳೆಯ ಇಶ್ಯೂ ಸಿಕ್ಕರೆ ಹೊಸದು ತೆರೆಯಬೇಡಿ. “ನನಗೂ ಹೀಗೇ ಆಗಿದೆ” ಎಂದಷ್ಟೇ ಬರೆದರೂ ಪ್ರಯೋಜನ ಇಲ್ಲ. ಹೊಸದೇನಾದರೂ ಸೇರಿಸಿ: ಹೊಸ ಆವೃತ್ತಿಯಲ್ಲಿ ಓಡಿಸಿದ ಫಲಿತಾಂಶ, ಇನ್ನೂ ಚಿಕ್ಕ ಉದಾಹರಣೆ, ಇನ್ನೊಂದು ಲಿಪಿಯ ಸಾಕ್ಷಿ. ಅಷ್ಟರಲ್ಲಿ ನಿಮ್ಮ ಕೆಲಸ ನಿಲ್ಲಬಾರದು. ಹೊರಗಿನ ರೆಜೆಕ್ಸ್ ಎಂಬ ಮಾಡ್ಯೂಲ್ ಈ ಚಿಹ್ನೆಗಳನ್ನೂ ಪದದ ಭಾಗ ಎಂದು ಲೆಕ್ಕ ಹಿಡಿಯುತ್ತದೆ. ಹುಡುಗನ ಪ್ರೋಗ್ರಾಂ ಅದರಿಂದ ಅದೇ ಸಂಜೆ ಸರಿಯಾಯಿತು.

ದೂರು ಬರೆಯುವ ರೀತಿ

ನಿಮ್ಮದು ನಿಜಕ್ಕೂ ಹೊಸ ಬಗ್ ಎಂದಿಟ್ಟುಕೊಳ್ಳಿ. ಗಿಟ್‌ಹಬ್‌ನಲ್ಲಿ ಹೊಸ ಇಶ್ಯೂ ತೆರೆದರೆ ಒಂದು ಫಾರ್ಮ್ ಬರುತ್ತದೆ. ಬಗ್‌ನ ವಿವರ, ಯಾವ ಪೈಥಾನ್ ಆವೃತ್ತಿಗಳಲ್ಲಿ ನೋಡಿದಿರಿ, ಯಾವ ಆಪರೇಟಿಂಗ್ ಸಿಸ್ಟಂ ಎಂದು ಅದು ಕೇಳುತ್ತದೆ. ವಿವರದಲ್ಲಿ ಮೂರು ಮಾತು ಇರಲಿ. ಏನು ಓಡಿಸಿದೆ, ಏನು ಬರಬೇಕಿತ್ತು, ಏನು ಬಂತು. “ಸರಿಯಾಗಿ ಕೆಲಸ ಮಾಡುತ್ತಿಲ್ಲ” ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಇಂಗ್ಲಿಷ್ ಬಗ್ಗೆ ಹಿಂಜರಿಕೆ ಬೇಡ. ನಮ್ಮ ಭಾಗದ ಎಷ್ಟೋ ಜಾಣ ಮಕ್ಕಳು ಇದೊಂದೇ ಕಾರಣಕ್ಕೆ ಬರೆಯದೆ ಸುಮ್ಮನಾಗುತ್ತಾರೆ, ಅದು ನನಗೆ ನಿಜವಾಗಿ ನೋವು ಕೊಡುತ್ತದೆ. ನಾಲ್ಕು ಪದದ ಚಿಕ್ಕ ವಾಕ್ಯ ಸಾಕು. ಓದುವವರಲ್ಲಿ ಅನೇಕರಿಗೆ ಇಂಗ್ಲಿಷ್ ಮನೆಮಾತಲ್ಲ. ನಿಮ್ಮ ಎರಡು ಸಾಲಿನ ಕೋಡ್ ಎಲ್ಲರಿಗೂ ಓದಲು ಬರುತ್ತದೆ.

ಕೋಡ್ ಮತ್ತು ದೋಷ ಸಂದೇಶವನ್ನು ಅಕ್ಷರವಾಗಿಯೇ ಹಾಕಿ, ಫೋಟೋ ಬೇಡ. ಕನ್ನಡ ಇದ್ದರೆ ಇನ್ನೊಂದು ಕೆಲಸ ಮಾಡಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನೋಡಲು ಒಂದೇ ಥರ ಕಾಣುವ “ಬೀದರ್” ಕಂಪ್ಯೂಟರ್‌ನೊಳಗೆ ಎರಡು ಥರ ಇರಬಹುದು. “ೀ” ಎಂಬುದು ಒಂದೇ ಸಂಕೇತವಾಗಿ ಇರಬಹುದು, ಅಥವಾ ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಇರಬಹುದು. ಮೊದಲನೆಯದರ ಉದ್ದ 5, ಎರಡನೆಯದರದು 6. ಎರಡನ್ನೂ ಹೋಲಿಸಿದರೆ ಪೈಥಾನ್ ಸಮ ಅಲ್ಲ ಎನ್ನುತ್ತದೆ. ಕಾಪಿ, ಪೇಸ್ಟ್ ಮಾಡುವಾಗ ಒಂದು ಇನ್ನೊಂದಾಗಿ ಬದಲಾದರೆ ನಿಮ್ಮ ಬಗ್ ಅವರ ಹತ್ತಿರ ಕಾಣಿಸುವುದೇ ಇಲ್ಲ. ಅದಕ್ಕೆ ಪದವನ್ನು ಆಸ್ಕಿ ಎಂಬ ಫಂಕ್ಷನ್‌ಗೆ ಕೊಟ್ಟು, ಬರುವ ಸಂಕೇತಗಳ ಸಾಲನ್ನೂ ದೂರಿನಲ್ಲಿ ಹಾಕಿ. ಕನ್ನಡ ಫಾಂಟ್ ಇಲ್ಲದವರೂ ಅದನ್ನು ಹಾಗೇ ಓಡಿಸಬಹುದು. ದೂರು ಬರೆಯುವ ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಹಚ್ಚಿ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಹೀಗೆ ಎರಡಾಗಿರುವ ಸಂಕೇತಗಳು ಒಂದಾದ ರೂಪಕ್ಕೆ, ತಂದು ನೋಡಿ. ಆಗ ತಪ್ಪು ಮಾಯವಾದರೆ ಅದು ಪೈಥಾನ್‌ನ ಬಗ್ ಅಲ್ಲ, ನಿಮ್ಮ ಡೇಟಾದ ಗುಣ.

ಎಐ ಬರೆದುಕೊಟ್ಟ ದೂರನ್ನು ನೀವೇ ಓಡಿಸಿ ನೋಡದೆ ಹಾಕಬೇಡಿ. ಅದನ್ನು ಪರೀಕ್ಷಿಸಲು ಕೂರುವ ಮನುಷ್ಯರ ಸಮಯ ಹಾಳಾಗುತ್ತದೆ.

ಭದ್ರತೆಗೆ ಸಂಬಂಧಿಸಿದ ಬಗ್ ಸಿಕ್ಕರೆ ಮಾತ್ರ ಬಹಿರಂಗವಾಗಿ ಬರೆಯಲೇಬೇಡಿ. ಅದನ್ನು ಖಾಸಗಿಯಾಗಿ ತಿಳಿಸುವ ದಾರಿ ಪೈಥಾನ್‌ನ ತಾಣದಲ್ಲೇ ಇದೆ.

ಮೂಲ ಕೋಡ್ ತಂದು ಕಟ್ಟುವುದು

ಇಲ್ಲಿಂದ ಸರಿಪಡಿಸುವ ಕೆಲಸ. ಉಬುಂಟು ಇದ್ದರೆ ಸುಲಭ. ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ಹಾಕಿಕೊಳ್ಳುವುದು ಒಳ್ಳೆಯದು.

ಮೊದಲು ಗಿಟ್‌ಹಬ್‌ನಲ್ಲಿ ಸಿಪೈಥಾನ್ ಅನ್ನು ನಿಮ್ಮ ಖಾತೆಗೆ ಫೋರ್ಕ್ ಮಾಡಿ, ಅಂದರೆ ನಿಮ್ಮದೇ ನಕಲು ಮಾಡಿಕೊಳ್ಳಿ. ಆಮೇಲೆ ಕ್ಲೋನ್, ಅಂದರೆ ಅದನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವುದು. ಇದರ ಇತಿಹಾಸ ಮೂವತ್ತು ವರ್ಷ ಮೀರಿದ್ದು, ಮೊಬೈಲ್ ಡೇಟಾ ಬೇಗ ಖಾಲಿಯಾಗುತ್ತದೆ. ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಕೊಟ್ಟರೆ ಕೊನೆಯ ಕಮಿಟ್ (ದಾಖಲಾದ ಬದಲಾವಣೆ) ಮಾತ್ರ ಬರುತ್ತದೆ. ಇತಿಹಾಸವೂ ಬೇಕು, ಡೇಟಾವೂ ಉಳಿಯಬೇಕು ಅಂದರೆ ಫಿಲ್ಟರ್ ಆಯ್ಕೆಯಲ್ಲಿ ಬ್ಲಾಬ್ ನನ್ ಎಂದು ಕೊಡಿ. ಆಗ ಕಮಿಟ್‌ಗಳ ಪಟ್ಟಿ ಬರುತ್ತದೆ, ಹಳೆಯ ಫೈಲ್‌ಗಳು ಬೇಕಾದಾಗ ಬರುತ್ತವೆ.

ಫೋಲ್ಡರ್‌ಗಳ ಪರಿಚಯ ಇರಲಿ. ಲಿಬ್‌ನಲ್ಲಿ ಪೈಥಾನ್‌ನಲ್ಲೇ ಬರೆದ ಮಾಡ್ಯೂಲ್‌ಗಳು, ಅದರೊಳಗಿನ ಟೆಸ್ಟ್‌ನಲ್ಲಿ ಪರೀಕ್ಷೆಗಳು. ಮಾಡ್ಯೂಲ್ಸ್‌ನಲ್ಲಿ ಸಿ ಮಾಡ್ಯೂಲ್‌ಗಳು. ಲಿಸ್ಟ್, ಡಿಕ್ಷನರಿ, ಸ್ಟ್ರಿಂಗ್‌ಗಳ ಒಡಲು ಆಬ್ಜೆಕ್ಟ್ಸ್‌ನಲ್ಲಿ. ಇಂಟರ್‌ಪ್ರಿಟರ್ ಇರುವುದು ಪೈಥಾನ್ ಎಂಬ ಹೆಸರಿನ ಫೋಲ್ಡರ್‌ನಲ್ಲಿ. ಡಾಕ್‌ನಲ್ಲಿ ಡಾಕ್ಯುಮೆಂಟೇಶನ್. ಸಿ ಬರದಿದ್ದರೆ ಚಿಂತೆ ಇಲ್ಲ, ಲಿಬ್ ಮತ್ತು ಡಾಕ್‌ನಲ್ಲೇ ಬೇಕಾದಷ್ಟು ಕೆಲಸ ಇದೆ.

ಕಟ್ಟಲು, ಅಂದರೆ ಮೂಲ ಕೋಡ್‌ನಿಂದ ಓಡುವ ಪೈಥಾನ್ ಮಾಡಲು, ಎರಡೇ ಆಜ್ಞೆ. ಕಾನ್ಫಿಗರ್‌ಗೆ “ವಿತ್ ಪೈಡೀಬಗ್” ಎಂಬ ಆಯ್ಕೆ ಕೊಟ್ಟು ಓಡಿಸಿ, ನಂತರ ಮೇಕ್. ಡೀಬಗ್ ಆಯ್ಕೆಯಿಂದ ಪೈಥಾನ್ ನಿಧಾನವಾಗುತ್ತದೆ, ಆದರೆ ಒಳಗಿನ ತಪ್ಪುಗಳನ್ನು ಬೇಗ ಹಿಡಿದು ತೋರಿಸುತ್ತದೆ. ಮೇಕ್‌ಗೆ ಎಷ್ಟು ಕೆಲಸ ಒಟ್ಟಿಗೆ ಮಾಡಬೇಕು ಎಂದು ಹೇಳಬಹುದು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹಳೆ ಲ್ಯಾಪ್‌ಟಾಪ್‌ಗೆ 2 ಸಾಕು, ಎಂಟು ಕೊಟ್ಟರೆ ಕಾದು ಆಫ್ ಆಗಬಹುದು. ನಡುವೆ ಕರೆಂಟ್ ಹೋದರೂ ಮತ್ತೆ ಮೇಕ್ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮುಗಿದ ಮೇಲೆ ಅದೇ ಫೋಲ್ಡರ್‌ನಲ್ಲಿ ಪೈಥಾನ್ ಎಂಬ ಫೈಲ್ ಬಂದಿರುತ್ತದೆ. ಅದನ್ನು ಅಲ್ಲಿಂದಲೇ ಓಡಿಸಿ. ಮೇಕ್ ಇನ್‌ಸ್ಟಾಲ್ ಮಾಡಬೇಡಿ, ಕಂಪ್ಯೂಟರ್‌ನಲ್ಲಿ ಮೊದಲೇ ಇರುವ ಪೈಥಾನ್ ಜೊತೆ ಗೊಂದಲವಾಗುತ್ತದೆ.

ಎಲ್ಲಿಂದ ಕೆಟ್ಟಿತು?

ಹಳೆ ಆವೃತ್ತಿಯಲ್ಲಿ ಸರಿ ಇದ್ದು ಹೊಸದರಲ್ಲಿ ಕೆಟ್ಟಿದ್ದರೆ, ಕೆಡಿಸಿದ ಕಮಿಟ್ ಯಾವುದು ಎಂದು ಹುಡುಕಬಹುದು. ಬೀದರ್‌ನ ನೌಬಾದ್ ಕಡೆ ಬಹಮನಿ ಕಾಲದ ಸುರಂಗ ಬಾವಿ ಇದೆ. ನೆಲದೊಳಗೆ ನೀರಿನ ಕಾಲುವೆ, ಮೇಲೆ ಉದ್ದಕ್ಕೂ ಸಾಲಾಗಿ ಬಾವಿಯಂಥ ಕಿಂಡಿಗಳು. ಮೊದಲ ಕಿಂಡಿಯಲ್ಲಿ ನೀರು ಹರಿಯುತ್ತಿದೆ, ಕೊನೆಯದರಲ್ಲಿ ಇಲ್ಲ ಎಂದುಕೊಳ್ಳಿ. ಪ್ರತಿ ಕಿಂಡಿಗೂ ಇಳಿಯಬೇಕಿಲ್ಲ. ನಡುವಿನ ಕಿಂಡಿ ನೋಡಿ. ಅಲ್ಲಿ ನೀರಿದ್ದರೆ ಹೂಳು ಕೆಳಗಿನ ಅರ್ಧದಲ್ಲಿದೆ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ.

ಗಿಟ್ ಬೈಸೆಕ್ಟ್ ಮಾಡುವುದು ಇದನ್ನೇ. ಶುರು ಮಾಡಿ, ಕೆಟ್ಟ ಕಮಿಟ್‌ಗೆ “ಬ್ಯಾಡ್”, ಒಳ್ಳೆಯದಕ್ಕೆ “ಗುಡ್” ಎಂದು ಹೇಳಿ. ಅದು ನಡುವಿನದನ್ನು ಮುಂದಿಡುತ್ತದೆ. ಕಟ್ಟಿ, ನಿಮ್ಮ ಎರಡು ಸಾಲು ಓಡಿಸಿ, ಗುಡ್ ಅಥವಾ ಬ್ಯಾಡ್ ಎನ್ನಿ. ಸಾವಿರ ಕಮಿಟ್ ಇದ್ದರೂ ಹತ್ತು ಸಲಕ್ಕೆ ಮುಗಿಯುತ್ತದೆ. ಪ್ರತಿ ಸಲ ಕಟ್ಟಬೇಕಾದ್ದರಿಂದ ಹೊತ್ತು ಹಿಡಿಯುತ್ತದೆ, ಅದಕ್ಕೆ “ರನ್” ಜೊತೆ ಸ್ಕ್ರಿಪ್ಟ್ ಕೊಟ್ಟು ಊಟಕ್ಕೆ ಏಳಬಹುದು. ಡೆಪ್ತ್ 1ರ ಕ್ಲೋನ್‌ನಲ್ಲಿ ಇದು ಆಗುವುದಿಲ್ಲ, ಇತಿಹಾಸ ಬೇಕು. ಸಿಕ್ಕ ಕಮಿಟ್‌ನ ಗುರುತನ್ನು ಇಶ್ಯೂನಲ್ಲಿ ಬರೆಯಿರಿ. ನೀವು ಮುಂದೆ ಏನೂ ಮಾಡದಿದ್ದರೂ ಇದು ದೊಡ್ಡ ಉಪಕಾರ.

ಮೊದಲು ಟೆಸ್ಟ್, ಆಮೇಲೆ ತಿದ್ದುಪಡಿ

ಮುಖ್ಯ ಕೋಡ್ ಇರುವ ಮೇನ್ ಬ್ರಾಂಚ್‌ನಿಂದ ನಿಮ್ಮದೇ ಹೊಸ ಬ್ರಾಂಚ್ (ಕವಲು) ಮಾಡಿ. ಕೋಡ್ ಮುಟ್ಟುವ ಮೊದಲು, ಆ ಮಾಡ್ಯೂಲ್‌ನ ಟೆಸ್ಟ್ ಫೈಲ್‌ನಲ್ಲಿ ನಿಮ್ಮ ಎರಡು ಸಾಲಿನ ಉದಾಹರಣೆಯನ್ನೇ ಟೆಸ್ಟ್ ಆಗಿ ಬರೆಯಿರಿ. ಓಡಿಸಿ. ಅದು ಫೇಲ್ ಆಗಬೇಕು. ಪಾಸ್ ಆದರೆ ನೀವು ಹಿಡಿದದ್ದು ಬೇರೆ ಏನನ್ನೋ. ಫೇಲ್ ಆದ ಮೇಲೆ ಕೋಡ್ ತಿದ್ದಿ, ಮತ್ತೆ ಓಡಿಸಿ. ಪಾಸ್ ಆದರೆ ಆ ಫೈಲ್‌ನ ಉಳಿದ ಟೆಸ್ಟ್‌ಗಳನ್ನೂ, ಕೊನೆಗೆ ಒಮ್ಮೆ ಎಲ್ಲವನ್ನೂ ಓಡಿಸಿ.

ತಿದ್ದುಪಡಿ ಸಣ್ಣದಿರಲಿ. ಪಕ್ಕದ ಸಾಲಿನ ಅಂದ ಸರಿಮಾಡಲು, ಹಳೆ ಕಾಮೆಂಟ್ ಬದಲಿಸಲು ಕೈ ತುರಿಸುತ್ತದೆ. ತಡೆದುಕೊಳ್ಳಿ. ಓದುವವರಿಗೆ ನಿಮ್ಮ ಬಗ್ ಮಾತ್ರ ಕಾಣಬೇಕು.

ಕಳಿಸುವುದು, ಕಾಯುವುದು

ನಿಮ್ಮ ತಿದ್ದುಪಡಿ ಸೇರಿಸಿಕೊಳ್ಳಿ ಎಂದು ಗಿಟ್‌ಹಬ್‌ನಲ್ಲಿ ಕಳಿಸುವ ಕೋರಿಕೆಯೇ ಪುಲ್ ರಿಕ್ವೆಸ್ಟ್. ಅದರ ಶೀರ್ಷಿಕೆ “ಜಿಎಚ್” ಅಕ್ಷರಗಳು, ಒಂದು ಅಡ್ಡಗೆರೆ, ಇಶ್ಯೂ ಸಂಖ್ಯೆಯಿಂದ ಶುರುವಾಗಬೇಕು. ಮೊದಲ ಸಲ ಕಳಿಸಿದಾಗ ಒಂದು ಬಾಟ್ ಬಂದು ಕೊಡುಗೆದಾರರ ಒಪ್ಪಂದಕ್ಕೆ ಸಹಿ ಕೇಳುತ್ತದೆ. ಆನ್‌ಲೈನ್‌ನಲ್ಲೇ ಆಗುತ್ತದೆ, ಒಮ್ಮೆ ಮಾಡಿದರೆ ಸಾಕು. ಬಳಕೆದಾರರಿಗೆ ಗೊತ್ತಾಗುವ ಬದಲಾವಣೆ ಇದ್ದರೆ ಒಂದೆರಡು ವಾಕ್ಯದ ಸುದ್ದಿ ಟಿಪ್ಪಣಿಯೂ ಬೇಕು. ಬ್ಲರ್ಬ್ ಎಂಬ ಉಪಕರಣ ಅದನ್ನು ಸರಿಯಾದ ಜಾಗದಲ್ಲಿ ಇಡುತ್ತದೆ.

ಆಮೇಲೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಟೆಸ್ಟ್‌ಗಳು ತಾವಾಗಿಯೇ ಓಡುತ್ತವೆ. ಕೆಂಪು ಕಂಡರೆ ಗಾಬರಿ ಬೇಡ, ಒಳಗೆ ಹೋಗಿ ಯಾವ ಟೆಸ್ಟ್ ಎಂದು ಓದಿ.

ವಿಮರ್ಶೆ ಬರುವುದಕ್ಕೆ ಒಂದು ದಿನವೂ ಆಗಬಹುದು, ತಿಂಗಳುಗಳೂ ಆಗಬಹುದು. ನೋಡುವವರಲ್ಲಿ ಬಹಳ ಜನ ಸ್ವಂತ ಬಿಡುವಿನಲ್ಲಿ ಮಾಡುತ್ತಿರುತ್ತಾರೆ. ತುಂಬ ದಿನವಾದರೆ ವಿನಯದಿಂದ ಒಮ್ಮೆ ನೆನಪಿಸಿ. “ಇದನ್ನು ಬದಲಿಸಿ” ಎಂದು ಹೇಳಿದರೆ ಅದು ನಿಮ್ಮ ಮೇಲಿನ ಟೀಕೆ ಅಲ್ಲ. ಬದಲಿಸಿ ಹೊಸ ಕಮಿಟ್ ಆಗಿ ಸೇರಿಸಿ, ಹಳೆಯದನ್ನು ಅಳಿಸಿ ಫೋರ್ಸ್ ಪುಶ್ ಮಾಡಬೇಡಿ, ವಿಮರ್ಶಕರಿಗೆ ಏನು ಬದಲಾಯಿತು ಎಂದು ತಿಳಿಯುವುದಿಲ್ಲ. ಸೇರಿಸುವಾಗ ಎಲ್ಲ ಕಮಿಟ್‌ಗಳೂ ಹೇಗಿದ್ದರೂ ಒಂದಾಗುತ್ತವೆ.

ಕಾಯುವ ದಿನಗಳಲ್ಲಿ ಬೇರೆಯವರ ಇಶ್ಯೂ ಒಂದನ್ನು ತೆಗೆದುಕೊಂಡು ನಿಮ್ಮ ಪೈಥಾನ್‌ನಲ್ಲಿ ಓಡಿಸಿ ನೋಡಿ. “ಉಬುಂಟುವಿನಲ್ಲಿ, ಇವತ್ತಿನ ಮೇನ್ ಬ್ರಾಂಚ್‌ನಲ್ಲಿ ಇನ್ನೂ ಬರುತ್ತಿದೆ” ಎಂದೋ, “ಈಗ ಬರುತ್ತಿಲ್ಲ” ಎಂದೋ ಬರೆಯಿರಿ. ನಮ್ಮ ಹುಡುಗ ಈಗ ಮಾಡುತ್ತಿರುವುದು ಇದನ್ನೇ, ವಾರಕ್ಕೆ ಒಂದು.

ನಿಮ್ಮ ತಿದ್ದುಪಡಿ ಮೇನ್‌ಗೆ ಸೇರಿದ ಮೇಲೆ, ಅದು ಬಗ್ ತಿದ್ದುಪಡಿಯಾಗಿದ್ದರೆ ಹಿಂದಿನ ಆವೃತ್ತಿಗೂ ಒಯ್ಯುತ್ತಾರೆ. ಅದಕ್ಕೊಂದು ಲೇಬಲ್ ಹಾಕಿದರೆ ಮಿಸ್ ಇಸ್ಲಿಂಗ್ಟನ್ ಎಂಬ ಬಾಟ್ ಹೊಸ ಪುಲ್ ರಿಕ್ವೆಸ್ಟ್ ತಾನೇ ತೆರೆಯುತ್ತದೆ. ಹೊಸ ದೊಡ್ಡ ಆವೃತ್ತಿ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬರುತ್ತದೆ. 3.13ರಿಂದ ಈಚೆಗೆ ಪ್ರತಿ ಆವೃತ್ತಿಗೂ ಎರಡು ವರ್ಷ ಬಗ್ ತಿದ್ದುಪಡಿ, ಬಿಡುಗಡೆಯಿಂದ ಐದು ವರ್ಷದವರೆಗೆ ಭದ್ರತಾ ತಿದ್ದುಪಡಿ ಸಿಗುತ್ತದೆ. ಬಗ್ ತಿದ್ದುಪಡಿಯ ಸಣ್ಣ ಬಿಡುಗಡೆಗಳು ಸುಮಾರು ಎರಡು ತಿಂಗಳಿಗೊಮ್ಮೆ ಬರುತ್ತವೆ. ಅದು ಬಂದ ದಿನ ನಿಮ್ಮ ಹಳೆಯ ಎರಡು ಸಾಲಿನ ಫೈಲ್ ತೆರೆದು, ಹೊಸ ಪೈಥಾನ್‌ನಲ್ಲಿ ಇನ್ನೊಮ್ಮೆ ಓಡಿಸಿ ನೋಡಿ.